ಶಾಲಿನವಳಿಗೆ ಗಿರಣಿ ಬೇಕೇ?

ಆ ಮನೆಯಲ್ಲಿ ಸ್ವಂತದ್ದು ಎನ್ನುವ ಸೋಫಾ ಒಂದೂ ಇರಲಿಲ್ಲ. ಕೂರುತ್ತಿದ್ದದ್ದೆಲ್ಲ ಗಿರಾಕಿಗಳ ಸೋಫಾಗಳ ಮೇಲೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಸೋಫಾವನ್ನು ಓರೆ ಮಾಡಿದರಷ್ಟೇ ತೂರುವಂಥ ಬಾಗಿಲು. ಅಂಗಡಿಯಲ್ಲಿ ಹಳೆ ಬಟ್ಟೆ ಕಿತ್ತು, ಸ್ಪ್ರಿಂಗು ಕಟ್ಟಿ, ನಾರು ತುಂಬಿ, ಹೊಸ ಬಟ್ಟೆ ಎಳೆದು ಮೊಳೆ ಹೊಡೆದು ಮುಗಿಸಿದ ಮೇಲೆ ಸೋಫಾ ಒಂದು ಸಂಜೆಯ ಮಟ್ಟಿಗೆ ಒಳಗೆ ಬರುತ್ತಿತ್ತು. ಟೀವಿಯ ಎದುರು ಅದನ್ನಿಟ್ಟು ಮನೆಮಂದಿಯೆಲ್ಲ ಸಾಲಾಗಿ ಕೂರಬೇಕು. ಧಾರಾವಾಹಿ ಮುಗಿಯುವ ತನಕ ಏಳುವಂತಿಲ್ಲ. ಸೀಟು ಕಿರುಗುಟ್ಟಿದರೆ, ಒಂದು ಮಗ್ಗುಲಿಗೆ ವಾಲಿದರೆ, ಕೂತವರ ಸೊಂಟ ದೂರು ಹೇಳಿದರೆ, ಬೆಳಿಗ್ಗೆ ಮತ್ತೆ ಬಿಚ್ಚುವುದು. ಇದಕ್ಕೆ ‘ಕೂತು ನೋಡೋದು’ ಎಂದು ಹೆಸರು. ಅಪ್ಪನ ಅಪ್ಪ ಶುರುಮಾಡಿದ್ದು. ಆಗ ಟೀವಿ ಇರಲಿಲ್ಲ. ಗೋಡೆ ನೋಡಿಕೊಂಡೇ ಕೂರುತ್ತಿದ್ದರಂತೆ.

ಹೀಗೆ ಕೂತೂ ಕೂತೂ ಆ ಮನೆಯವರಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಹಗಲು ಮಾತಾಡುವಂತಿರಲಿಲ್ಲ. ಅಪ್ಪನ ಬಾಯಲ್ಲಿ ಒಂದು ಹಿಡಿ ಸಣ್ಣ ಮೊಳೆ, ಮಗಳ ಬಾಯಲ್ಲಿ ಇನ್ನೊಂದು ಹಿಡಿ, ಪಕ್ಕದಲ್ಲಿ ಅಮ್ಮನ ಹೊಲಿಗೆ ಯಂತ್ರದ ಗಡಗಡ. ಮಾತಿಗೆ ಉಳಿಯುತ್ತಿದ್ದದ್ದು ಸಂಜೆ. ಸಂಜೆ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದಾಗ ಮನೆಯ ವಿಷಯ ನೇರವಾಗಿ ಹೇಗೆ ಎತ್ತುವುದು? ಎದುರಿಗಿದ್ದ ಧಾರಾವಾಹಿಯ ಮೇಲೆ ಇಟ್ಟು ಹೇಳುತ್ತಿದ್ದರು. ಅಪ್ಪನ ಅಕ್ಕ ಗಂಡ ತೀರಿಕೊಂಡ ಹೊಸತರಲ್ಲಿ ಬಂದು ಕೂತಿದ್ದಾಗ, ಇಲ್ಲೇ ಇದ್ದುಬಿಡು ಎಂದು ಅಪ್ಪ ಹೇಳಲಿಲ್ಲ. ಟೀವಿಯಲ್ಲಿ ಅಳುತ್ತಿದ್ದ ಹೆಂಗಸನ್ನು ನೋಡಿ, “ಇವಳು ತಮ್ಮನ ಮನೇಲೇ ಇದ್ರೆ ಯಾರೇನು ಬೇಡ ಅಂತಾರಾ?” ಅಂದ. ಮಾರನೆಯ ದಿನ ಅತ್ತೆ ಟ್ರಂಕು ತಂದಳು. ರಿಮೋಟು ಅವಳ ವಶವಾಯಿತು.

ಮಗಳನ್ನು ಎಲ್ಲರೂ ದಬ್ಬಣ ಎಂದೇ ಕರೆಯುತ್ತಿದ್ದರು. ಉದ್ದಕ್ಕೆ, ಸಣ್ಣಗೆ, ಕೆಲಸದ ಮೇಲೆ ಬಗ್ಗಿ ಬಗ್ಗಿ ತುದಿಯಲ್ಲಿ ತುಸು ಬಾಗಿದ್ದಳು. ಬಾಯಿ ತೆರೆದರೆ ದಪ್ಪ ರೆಕ್ಸಿನ್ನೂ ತೂತಾಗುತ್ತಿತ್ತು. ಸ್ಪ್ರಿಂಗು ಕಟ್ಟುವುದರಲ್ಲಿ ತನ್ನ ಕೈಗೆ ಸಮನಾದ ಕೈ ಈ ಸುತ್ತಿನಲ್ಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಜಂಬದಿಂದಲ್ಲ, ತನ್ನ ಎತ್ತರ ತನಗೆ ಗೊತ್ತಿರುವ ಹಾಗೆ. ಅಪ್ಪನ ಹೆಬ್ಬೆರಳ ಗಂಟು ಹಿಡಿದುಕೊಳ್ಳಲು ಶುರುವಾದ ಮೇಲೆ ಹುರಿ ಬಿಗಿಯುವ ಕೆಲಸವೆಲ್ಲ ಅವಳ ಕೈಗೆ ಬಂದಿತ್ತು. ಅಪ್ಪ ಬಿಡುವ ದಿನ ಅಂಗಡಿಯೂ ಬರುತ್ತದೆ, ಅದನ್ನು ಬಾಯಿಬಿಟ್ಟು ಕೇಳುವ ಮಾತೇ ಇಲ್ಲ ಎಂದುಕೊಂಡಿದ್ದಳು. ಕೇಳಿ ಪಡೆದದ್ದಕ್ಕೆ ಏನು ಬೆಲೆ?

ಈ ಬಿಂಕ ಅವಳಿಗೆ ಬಂದದ್ದು ಒಂದು ಪುಸ್ತಕದಿಂದ.

ಹತ್ತೊಂಬತ್ತರ ವಯಸ್ಸಿನಲ್ಲಿ, ಲೈಬ್ರರಿಯ ಅನುವಾದದ ಕಪಾಟಿನ ಕೆಳಸಾಲಿನಲ್ಲಿ, ಬೆನ್ನು ಕಿತ್ತುಹೋದ ಒಂದು ರಷ್ಯನ್ ಕಾದಂಬರಿ ಅವಳಿಗೆ ಸಿಕ್ಕಿತ್ತು. ಇಟ್ಟಿಗೆಯ ಗಾತ್ರದ್ದು. ಅದರೊಳಗಿನ ಜನ ಒಂದು ಲೋಟ ಚಹಾ ಮುಗಿಸುವುದರೊಳಗೆ ನೂರು ಪುಟ ಮಗುಚಿಹೋಗುತ್ತಿದ್ದವು. ದಬ್ಬಣ ಅದನ್ನು ಎರಡು ಸಲ ಓದಿ, ಉಳಿದ ಕಂದು ರೆಕ್ಸಿನ್ ತುಂಡಿನಲ್ಲಿ ಅದಕ್ಕೊಂದು ಹೊಸ ಬೆನ್ನು ಹೊಲಿದು ವಾಪಸ್ ಕೊಟ್ಟಿದ್ದಳು. ಕತೆ ಒಂದು ಹಿಟ್ಟಿನ ಗಿರಣಿಯದು. ಮುದಿ ಯಜಮಾನನ ಮಗಳು ಗಿರಣಿಯನ್ನು ಹೊತ್ತು ನಡೆಸುತ್ತಾಳೆ. ಯಜಮಾನ ಕೊನೆಗೆ ಬೀಗದಕೈಯನ್ನು ಸೈನ್ಯದಿಂದ ಬಂದ ತಂಗಿಯ ಮಗನಿಗೆ ಕೊಡುತ್ತಾನೆ. ಮಗಳು ಒಂದು ಮಾತೂ ಆಡುವುದಿಲ್ಲ. ಮೇಜಿನ ಮೇಲೆ ಚೆಲ್ಲಿದ ಹಿಟ್ಟನ್ನು ಅಂಗೈಯಲ್ಲಿ ಬಳಿದು, ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಆ ಮೌನಕ್ಕೆ ಲೇಖಕ ಎರಡು ಪುಟ ಕೊಟ್ಟಿದ್ದ. ಆ ಎರಡು ಪುಟ ಓದಿದ ದಿನ ದಬ್ಬಣಕ್ಕೆ ಊಟ ಸೇರಿರಲಿಲ್ಲ. ಬದುಕಿದರೆ ಹೀಗೆ ಬದುಕಬೇಕು ಅಂದುಕೊಂಡಿದ್ದಳು.

ಅದೇ ಕಾದಂಬರಿ ಈಗ ಧಾರಾವಾಹಿಯಾಗಿ, ಕನ್ನಡದ ಮಾತು ತುಂಬಿಸಿಕೊಂಡು, ದಿನಾ ಸಂಜೆ ಬರುತ್ತಿತ್ತು. ಪಾತ್ರಗಳ ಹೆಸರುಗಳು ಮನೆಯಲ್ಲಿ ಯಾರ ಬಾಯಲ್ಲೂ ತಿರುಗಲಿಲ್ಲ. ಎರಡನೆಯ ಕಂತಿನಲ್ಲೇ ಅತ್ತೆ ಎಲ್ಲರಿಗೂ ಹೊಸ ಹೆಸರಿಟ್ಟಳು. ಯಜಮಾನ ಗಡ್ಡ. ಯಾವಾಗಲೂ ಬೂದು ಶಾಲು ಹೊದ್ದ ಮಗಳು ಶಾಲು. ಮನೆಯೊಳಗೂ ಬೂಟು ಬಿಚ್ಚದ ತಂಗಿಯ ಮಗ ಬೂಟು.

“ಗಿರಣಿ ಅಂದ್ರೆ ಆಟಾನಾ?” ಅಂದಳು ಅತ್ತೆ ಒಂದು ಸಂಜೆ. “ಮೂಟೆ ಎತ್ತೋಕೆ ಭುಜ ಬೇಕು. ನಾನಾಗಿದ್ರೆ ಬೂಟಿಗೇ ಕೊಡ್ತಿದ್ದೆ.”

“ಬೂಟು ಇವತ್ತಿನ ತನಕ ಒಂದು ಮೂಟೇನಾದ್ರೂ ಮುಟ್ಟಿದ್ದು ನೋಡಿದ್ರಾ ಅತ್ತಿಗೆ?” ಅಂದಳು ಅಮ್ಮ.

“ಮುಟ್ಟೋಕೆ ಆಳುಗಳಿರ್ತಾರೆ. ನಾಲ್ಕು ಜನರ ಹತ್ರ ಮಾತಾಡೋನು ಒಬ್ಬ ಬೇಕಲ್ಲ.”

ಅತ್ತೆಯ ಮಗ ಫರ್ನಿಚರ್ ಷೋರೂಮಿನಲ್ಲಿ ಮಾತಾಡುವ ಕೆಲಸದಲ್ಲಿದ್ದ. ಮಾತಿನಲ್ಲಿ ಎಷ್ಟು ಗಟ್ಟಿಗನೆಂದರೆ, ಸೋಫಾ ಕೊಳ್ಳಲು ಬಂದವರು ಮಂಚವನ್ನೂ ಕೊಂಡು ಹೋಗುತ್ತಿದ್ದರು. ದಬ್ಬಣ ಅವನನ್ನು ಷೋರೂಮ್ ಭಾವ ಎನ್ನುತ್ತಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಒಟ್ಟಿಗೇ ಆಡಿ ಬೆಳೆದವರಾದ್ದರಿಂದ ಇಬ್ಬರಲ್ಲೂ ಏಕವಚನ.

ಅಪ್ಪ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ನೀವಿಕೊಳ್ಳುತ್ತ ಟೀವಿಯತ್ತಲೇ ನೋಡುತ್ತ ಕೇಳಿದ:

“ಆ ಶಾಲಿಗೆ ಗಿರಣಿ ಬೇಕಾ, ಬೇಡ್ವಾ? ನೀನು ಪುಸ್ತಕ ಓದಿದ್ದೀಯಲ್ಲ. ಹೇಳು.”

ಮುಂದಿನದನ್ನು ಮೊದಲೇ ಹೇಳಿಬಿಡುವವರನ್ನು ಕಂಡರೆ ದಬ್ಬಣಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಉಳಿದ ಧಾರಾವಾಹಿಗಳಾದರೆ ಅವಳೂ ಅದರ ಮೇಲಿಟ್ಟು ಮಾತಾಡಿದವಳೇ. ಆದರೆ ಇದು ಅವಳ ಕಾದಂಬರಿ. ಇದರಲ್ಲಿ ಮನೆಯ ಮಾತು ಬೆರೆಯಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

“ಅದನ್ನ ನಾನು ಹೇಳಬಾರದು ಅಪ್ಪ,” ಅಂದಳು.

“ಒಂದು ಮಾತು. ಬೇಕು ಅಥವಾ ಬೇಡ.”

“ಊಹೂಂ. ನೋಡ್ತಿರು, ಗೊತ್ತಾಗುತ್ತೆ.”

“ಅವಳಿಗೆ ಬೇರೇನೋ ಆಸೆ ಇರಬಹುದು. ಓದಿದೋಳು ತರಹ ಕಾಣ್ತಾಳೆ.”

“ಅಪ್ಪಾ, ಸುಮ್ನೆ ನೋಡು.”

ಅಪ್ಪ ತಲೆಯಾಡಿಸಿದ. ಎಷ್ಟು ಚೆನ್ನಾಗಿ ಕತೆಯ ಗುಟ್ಟು ಕಾಪಾಡಿದೆ ಎಂದು ದಬ್ಬಣ ಹೆಮ್ಮೆಯಿಂದಲೇ ಮಲಗಿದಳು.

ಮರುದಿನ ಅಪ್ಪ ಬಟ್ಟೆ ತರಲು ಪೇಟೆಗೆ ಹೋಗಿದ್ದ. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಆ ಗಡಗಡ ನಿಂತಿತೆಂದರೆ ಏನೋ ಇದೆ ಎಂದೇ ಅರ್ಥ.

“ನಿಮ್ಮಪ್ಪ ಬೆಳಿಗ್ಗೆ ಭಾವಂಗೆ ಫೋನ್ ಮಾಡಿದ್ರು. ಕೊನೇ ಕಂತಿನ ದಿನ ಭಾವ ಬರ್ತಾನೆ. ಕೂತು ನೋಡಿ ಆದಮೇಲೆ ಅಂಗಡಿ ಬೀಗದಕೈ ಅವನ ಕೈಗೆ ಕೊಡ್ತಾರಂತೆ.”

ದಬ್ಬಣ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದಳು. “ಯಾಕೆ ಕೊಡ್ತಾರೆ?”

“ನಡೆಸೋಕೆ.”

“ನಾನೇನು ಇಲ್ಲಿ ಸೊಳ್ಳೆ ಹೊಡೀತಿದ್ದೀನಾ? ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರಲ್ಲೇ. ನಿನ್ನೆ ಎಲ್ಲರ ಎದುರಿಗೇ ಕೇಳಿದ್ರು.”

“ಏನಂತ?”

“ಶಾಲಿಗೆ ಗಿರಣಿ ಬೇಕಾ ಅಂತ.”

“ಅಮ್ಮಾ! ಅದು ಕತೆ!”

“ಈ ಮನೇಲಿ ಕತೆ ಬಗ್ಗೆ ಯಾರು ಯಾವತ್ತು ಕೇಳಿದ್ದಾರೆ?” ಅಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು. “ಪಾಪ, ಅವರು ಎಷ್ಟು ಕಷ್ಟಪಟ್ಟು ಬಾಯಿಬಿಟ್ರು. ನೀನು ನೋಡಿದ್ರೆ ಹೇಳಬಾರದು, ಸುಮ್ನೆ ನೋಡು ಅಂತ ಗದರಿಸಿದೆ. ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತಾ ಇದ್ರು. ಅವಳಿಗೆ ಇದರಲ್ಲಿ ಮನಸ್ಸಿಲ್ಲ, ಬೇಡ ಅನ್ನೋಕೂ ಸಂಕೋಚ, ನಾವೇ ಬಿಟ್ಟುಕೊಡೋಣ ಅಂದ್ರು.”

“ನಿನಗೆ ಗೊತ್ತಿತ್ತಲ್ಲ ನನಗೆ ಬೇಕು ಅಂತ?”

“ನಿನ್ನ ಕೈ ನೋಡಿದ್ರೆ ಬೇಕು ಅನ್ನುತ್ತೆ. ಬಾಯಿ ಯಾವತ್ತಾದ್ರೂ ಅಂದಿದೆಯಾ? ಹೋಗಿ ಹೇಳು.”

ಹೇಳಬಹುದಿತ್ತು. ನಡುವೆ ದಿನಗಳಿದ್ದವು. ಮೊದಲ ಸಲ ಹೋದಾಗ ಗಿರಾಕಿ ನಿಂತಿದ್ದ. ಎರಡನೆಯ ಸಲ ಅಪ್ಪನ ಬಾಯಲ್ಲಿ ಮೊಳೆಯಿತ್ತು. ಮೂರನೆಯ ಸಲ ಯಾವ ಅಡ್ಡಿಯೂ ಇರಲಿಲ್ಲ, ಅವಳೇ ಅರ್ಧ ದಾರಿಯಿಂದ ತಿರುಗಿದಳು. ಬೇಡುವುದು ಅವಳಿಂದಾಗದ ಕೆಲಸ. ಬೀಗದಕೈ ಕೊಡುವ ಹೊತ್ತಿಗೆ ತಾನೂ ಏನೂ ಮಾತಾಡದೆ ಎದ್ದು ಹೋದರೆ, ಆ ಮೌನವೇ ಅವರ ಎದೆ ಸೀಳುತ್ತದೆ ಎಂದು ಲೆಕ್ಕ ಹಾಕಿದಳು. ಶಾಲಿನವಳ ಲೆಕ್ಕ ಅದು. ಎರಡು ಪುಟದ ಲೆಕ್ಕ.

ಕೊನೆಯ ಕಂತಿನ ಸಂಜೆ ಒಳಗೆ ಬಂದದ್ದು ಹಲ್ಲಿನ ಡಾಕ್ಟರ ಕಾಯುವ ಕೋಣೆಯ ಸೋಫಾ. ಹಸಿರು ರೆಕ್ಸಿನ್ನಿನದು, ಐದು ಜನ ಆರಾಮಾಗಿ ಹಿಡಿಸುವಷ್ಟು ಉದ್ದ. ಸ್ಪ್ರಿಂಗುಗಳೆಲ್ಲ ದಬ್ಬಣ ಕಟ್ಟಿದ್ದು. ಎಡತುದಿಯಲ್ಲಿ ಅತ್ತೆ, ಆಮೇಲೆ ಷೋರೂಮ್ ಭಾವ, ನಡುವೆ ಅಪ್ಪ, ಅಮ್ಮ, ಬಲತುದಿಯಲ್ಲಿ ದಬ್ಬಣ. ಭಾವ ಇಸ್ತ್ರಿ ಷರ್ಟು ಹಾಕಿ, ಘಮಘಮಿಸುತ್ತ ಬಂದಿದ್ದ. ಅಪ್ಪನ ಜೇಬು ಬೀಗದಕೈ ಗೊಂಚಲಿನ ಭಾರಕ್ಕೆ ಜೋತುಬಿದ್ದಿತ್ತು.

“ಈಗಿನವರು ಹಳೇದು ರಿಪೇರಿ ಅಂದ್ರೆ ನಗ್ತಾರೆ ಮಾವ,” ಅಂದ ಭಾವ. “ಅರ್ಧ ಅಂಗಡೀಲಿ ರೆಡಿಮೇಡ್ ಇಟ್ಟುಬಿಡೋಣ. ಹೊರಗೊಂದು ದೊಡ್ಡ ಬೋರ್ಡು, ಅದಕ್ಕೆ ಲೈಟು.”

“ಲೈಟು ಆಮೇಲೆ ಹಾಕಿಸು. ಈಗ ಬಾಯಿ ಮುಚ್ಚು, ಶುರುವಾಯ್ತು,” ಅಂದಳು ಅವನ ತಾಯಿ.

ಆ ದೃಶ್ಯ ಬರುವುದನ್ನು ದಬ್ಬಣ ಉಸಿರು ಬಿಗಿಹಿಡಿದು ಕಾದಳು. ಬಂತು. ಹಿಮ ಬೀಳುತ್ತಿತ್ತು. ಗಡ್ಡ ಬೀಗದಕೈ ತೆಗೆದ. ಬೂಟು ಕೈ ಚಾಚಿದ. ಶಾಲು ಮೇಜಿನ ಪಕ್ಕ ನಿಂತಿದ್ದಳು. ಯಾರೂ ಮಾತಾಡಲಿಲ್ಲ. ಹಿನ್ನೆಲೆಯಲ್ಲಿ ಸಂಗೀತವೂ ಇರಲಿಲ್ಲ. ನಟಿ ಒಳ್ಳೆಯವಳೇ. ನಿಧಾನವಾಗಿ ಹಿಟ್ಟು ಬಳಿದಳು. ಕಿಟಕಿಯ ಹತ್ತಿರ ಹೋದಳು. ಹೊರಗೆ ನೋಡಿದಳು.

“ನೋಡಿದ್ಯಾ,” ಅಂದಳು ಅತ್ತೆ ತಮ್ಮನಿಗೆ, ಮೆಲ್ಲಗೆ. “ಅವಳಿಗೇನೂ ಬೇಜಾರಿಲ್ಲ. ಆರಾಮಾಗಿ ಮೇಜು ಒರೆಸ್ತಾ ಇದ್ದಾಳೆ. ನೀನು ಸುಮ್ನೆ ಒದ್ದಾಡಿದೆ.”

ಅಪ್ಪ ನಿಟ್ಟುಸಿರು ಬಿಟ್ಟ. ನಿರಾಳವಾದ ನಿಟ್ಟುಸಿರು.

ದಬ್ಬಣ ಟೀವಿಯನ್ನು ದಿಟ್ಟಿಸಿದಳು. ಅತ್ತೆ ಹೇಳಿದ್ದು ಸರಿಯಾಗಿತ್ತು. ಎದುರಿಗಿದ್ದದ್ದು ಮೇಜು ಒರೆಸಿ ಕಿಟಕಿಯಾಚೆ ನೋಡುತ್ತಿರುವ ಒಬ್ಬ ಹೆಂಗಸು. ಅಷ್ಟೇ. ಪುಸ್ತಕದಲ್ಲಾದರೆ ಆ ಹಿಟ್ಟಿನ ಒಂದೊಂದು ಕಣಕ್ಕೂ ಲೇಖಕ ಮಾತು ಕೊಟ್ಟಿದ್ದ. ಅವಳು ಏನು ನುಂಗಿದಳು, ಯಾಕೆ ನುಂಗಿದಳು, ಗಂಟಲಲ್ಲಿ ಅದು ಎಲ್ಲಿ ಸಿಕ್ಕಿಕೊಂಡಿತು, ಎಲ್ಲವನ್ನೂ ಪಕ್ಕದಲ್ಲಿ ನಿಂತು ವಿವರಿಸಿದ್ದ. ಅವಳ ಮೌನ ಮೌನವೇ ಆಗಿರಲಿಲ್ಲ. ಅದು ಎರಡು ಪುಟದ ಮಾತು. ಟೀವಿಯವರು ಲೇಖಕನನ್ನು ತೆಗೆದುಹಾಕಿದ್ದರು. ಉಳಿದದ್ದು ಒರೆಸಿದ ಮೇಜು.

ತನ್ನ ಪಕ್ಕದಲ್ಲಿಯೂ ಯಾವ ಲೇಖಕನೂ ನಿಂತಿಲ್ಲ ಎಂಬುದು ದಬ್ಬಣಕ್ಕೆ ಥಟ್ಟನೆ ಕಾಣಿಸಿತು. ಇಷ್ಟು ಕಾಲ ತಾನು ಘನವಾಗಿ ಸುಮ್ಮನಿದ್ದದ್ದು ಈ ನಾಲ್ವರಿಗೆ ಹೇಗೆ ಕಂಡಿರಬೇಕು? ಹೀಗೇ. ಆರಾಮಾಗಿ.

“ಅಪ್ಪಾ, ಅಂಗಡಿ ನನಗೆ ಬೇಕು.”

“ಶ್!” ಅಂದಳು ಅತ್ತೆ. “ಈಗಲೇ ಮುಖ್ಯವಾದ್ದು ಬರೋದು.”

ದಬ್ಬಣ ಎದ್ದು ಹೋಗಿ ಟೀವಿಗೆ ಅಡ್ಡ ನಿಂತಳು. ಬೇರೆ ಯಾರಾದರೂ ಆ ದೃಶ್ಯಕ್ಕೆ ಅಡ್ಡ ನಿಂತಿದ್ದರೆ ಅವಳೇ ಕೈಹಿಡಿದು ಎಳೆದು ಆಚೆ ಹಾಕುತ್ತಿದ್ದಳು. ಹುಟ್ಟಿದಾಗಿನಿಂದ ಆ ಸಾಲಿನೊಳಗೆ ಕೂತವಳು, ಸಾಲನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಅಪ್ಪನ ಗಲ್ಲ ಇಳಿದುಹೋಗಿತ್ತು. ಭಾವನ ಬಲಗಾಲು ಒಂದೇ ಸಮನೆ ಕುಣಿಯುತ್ತಿತ್ತು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು.

“ಏನಂದೆ?” ಅಂದ ಅಪ್ಪ.

“ಅಂಗಡಿ ಬೇಕು ಅಂದೆ. ಶಾಲಿಗಲ್ಲ. ನನಗೆ.”

“ಅವತ್ತು ಹೇಳಬಾರದು ಅಂದ್ಯಲ್ಲ?”

“ಅದು ಪುಸ್ತಕದ ಮಾತಪ್ಪ. ಮುಂದೇನಾಗುತ್ತೆ ಅಂತ ಹೇಳಿಬಿಟ್ರೆ ನೋಡೋವ್ರಿಗೆ ಮಜಾ ಇರಲ್ಲ ಅಂತ.”

“ನಾನು ಬಿಡಿಸಿ ಬಿಡಿಸಿ ಕೇಳಿದ್ನಲ್ಲೇ!”

“ಅವಳನ್ನ ಕೇಳಿದೆ. ನನ್ನನ್ನ ಕೇಳಲಿಲ್ಲ.”

ಅಪ್ಪ ಅವಳ ಭುಜದ ಪಕ್ಕದಿಂದ ಟೀವಿಯತ್ತ ಇಣುಕಿ, ಮತ್ತೆ ಅವಳತ್ತ ನೋಡಿದ. “ಹಾಗಾದ್ರೆ ಅವಳಿಗೂ ಬೇಕಿತ್ತಾ?”

“ಜೀವ ಹೋಗೋಷ್ಟು ಬೇಕಿತ್ತು. ಆದ್ರೆ ಹೇಳಲ್ಲ. ಸಾಯೋ ತನಕ ಹೇಳಲ್ಲ. ಬೂಟು ಒಂದು ಚಳಿಗಾಲ ಕಳೆಯೋದ್ರೊಳಗೆ ಗಿರಣೀನ ಜೂಜಲ್ಲಿ ಕಳ್ಕೋತಾನೆ.”

“ಎಲ್ಲಾ ಒದರಿಬಿಟ್ಯಲ್ಲೇ, ಮನೆಹಾಳಿ!” ಅತ್ತೆ ಹಣೆ ಚಚ್ಚಿಕೊಂಡಳು. “ಇನ್ನೇನು ಉಳೀತು ನೋಡೋಕೆ?”

“ನಾನು ಜೂಜಾಡಲ್ಲ,” ಅಂದ ಭಾವ.

“ನಿನ್ನ ವಿಷಯ ಹೇಳಿದ್ದಲ್ಲ ಭಾವ.”

“ಈ ಮನೇಲಿ ಯಾವುದು ಯಾರ ವಿಷಯ ಅಂತ ಹೇಗೆ ಗೊತ್ತಾಗಬೇಕು?” ಭಾವನ ಮುಖ ಕೆಂಪಾಗಿತ್ತು. “ಕೆಲಸ ಬಿಡ್ತೀನಿ ಅಂತ ಷೋರೂಮಲ್ಲಿ ಹೇಳಿ ಆಯ್ತು. ಈಗ ಹೋಗಿ ಅವರ ಕಾಲು ಹಿಡೀಲಾ?”

ಆ ಮಾತು ದಬ್ಬಣಕ್ಕೆ ನಾಟಿತು. ಅವನು ಯಾವ ಕಾದಂಬರಿಯ ಬೂಟೂ ಅಲ್ಲ. ಕರೆದರು, ಬಂದ. ಆದರೂ ಅವಳು ಟೀವಿಯ ಮುಂದಿನಿಂದ ಕದಲಲಿಲ್ಲ.

“ಹಿಡೀಬೇಡ. ಇಲ್ಲಿಗೇ ಬಾ. ನನಗೆ ಗಿರಾಕಿ ಹತ್ರ ಮಾತಾಡೋಕೆ ಬರಲ್ಲ, ಎರಡನೇ ಮಾತಿಗೇ ಜಗಳ ಆಗುತ್ತೆ. ಹೋಟೆಲು, ಆಫೀಸು, ಆಸ್ಪತ್ರೆ, ಎಲ್ಲಾ ಕಡೆ ಕುರ್ಚಿ ಕಿತ್ತುಹೋಗಿದೆ. ನೀನು ಮಾತಾಡಿ ತಂದು ಹಾಕು, ನಾನು ಕಟ್ಟಿ ಕಳಿಸ್ತೀನಿ. ಬೋರ್ಡೂ ಹಾಕೋಣ. ಆದ್ರೆ ರೆಡಿಮೇಡ್ ಒಂದೂ ಈ ಬಾಗಿಲೊಳಗೆ ಬರಬಾರದು. ಮತ್ತೆ, ಇಲ್ಲಿ ಕೊನೇ ಮಾತು ನನ್ನದು.”

“ಅಂದ್ರೆ ನಾನು ನಿನ್ನ ಕೈಕೆಳಗೆ?”

“ಹೌದು.”

ಅವಳ ‘ಹೌದು’ ಸಲೀಸಾಗಿ ಬಂತು. ಭಾವ ಇಸ್ತ್ರಿ ಷರ್ಟಿನ ತೋಳನ್ನು ಒಮ್ಮೆ ಮಡಚಿ, ಮತ್ತೆ ಬಿಚ್ಚಿದ. “ಯೋಚನೆ ಮಾಡ್ತೀನಿ,” ಅಂದ ಕೊನೆಗೆ. “ಲೈಟಿರೋ ಬೋರ್ಡೇ ಆಗಬೇಕು.”

ಅಪ್ಪ ಯಾರನ್ನೂ ನೋಡದೆ ಸೀಟಿನ ಮೇಲೆ ಅಂಗೈ ಊರಿದ್ದ. “ಎಡಗಡೆ ಒಂದು ಸ್ಪ್ರಿಂಗು ಸಡಿಲ ಇದೆ. ಆಡ್ತಾ ಇದೆ,” ಅಂದ.

ಮೊದಲಾಗಿದ್ದರೆ ಆ ಮಾತಿನಲ್ಲಿ ಬೇರೆ ಏನಾದರೂ ಇದೆಯೇ ಎಂದು ದಬ್ಬಣ ಹುಡುಕುತ್ತಿದ್ದಳು. “ಸ್ಪ್ರಿಂಗಿನ ಮಾತು ಹೇಳ್ತಿದ್ದೀಯೋ, ನನ್ನ ಮಾತು ಹೇಳ್ತಿದ್ದೀಯೋ?” ಅಂದಳು.

“ಸ್ಪ್ರಿಂಗಿನದೇ ಕಣೇ.”

“ಸಡಿಲ ಇಲ್ಲ. ಭಾವ ಕಾಲು ಕುಣಿಸ್ತಿದ್ದಾನೆ.”

ಅಪ್ಪ ಅಳಿಯನ ಮಂಡಿಯ ಮೇಲೆ ಕೈಯಿಟ್ಟು ಅದುಮಿದ. ಕಾಲು ನಿಂತಿತು. ಕಣ್ಣು ಮುಚ್ಚಿ, ಪೂರ್ತಿ ಭಾರ ಬಿಟ್ಟು ಕೂತ. ಸೀಟು ಬಂಡೆಯ ಹಾಗೆ ಅಲುಗದೆ ಇತ್ತು. ಎಲ್ಲರೂ ಕಾದರು. ದಬ್ಬಣದ ಬೆನ್ನ ಹಿಂದೆ ಎಲ್ಲೋ ಕುದುರೆಗಾಡಿಯೊಂದು ಹೊರಟ ಸದ್ದು ಕೇಳಿಸಿತು.

“ಸರಿಯಾಗಿದೆ,” ಅಂದ ಅಪ್ಪ ಕಣ್ಣು ತೆರೆದು. ಈ ಸಲ ನೇರವಾಗಿ ಅವಳ ಮುಖವನ್ನೇ ನೋಡಿದ. ಅವನಿಗೆ ಅದು ಸುಲಭವಾಗಿರಲಿಲ್ಲ. ಕಿವಿಯವರೆಗೂ ನಾಚಿಕೆ ಹತ್ತಿತ್ತು. “ಡಾಕ್ಟರಿಗೆ ಫೋನ್ ಮಾಡಿ ಹೇಳು, ಸೋಫಾ ತಯಾರಾಗಿದೆ ಅಂತ.”

ಗಿರಾಕಿಗೆ ‘ತಯಾರಾಗಿದೆ’ ಎಂದು ಹೇಳುವುದನ್ನು ಅವನು ಇದುವರೆಗೆ ಯಾರಿಗೂ ಬಿಟ್ಟುಕೊಟ್ಟವನಲ್ಲ. ಜ್ವರ ಬಂದು ಮಲಗಿದ್ದಾಗಲೂ ಫೋನನ್ನು ಹಾಸಿಗೆಗೆ ತರಿಸಿಕೊಂಡು ತಾನೇ ಹೇಳಿದ್ದ.

“ಯಾರು ಮಾತಾಡ್ತಿರೋದು ಅಂದ್ರೆ?” ಅಂದಳು ದಬ್ಬಣ.

“ಅಂಗಡಿ ಯಜಮಾನಿ ಅನ್ನು. ಇನ್ನೇನಂತೀಯ?”

ಅಮ್ಮ ಸೆರಗು ಬಿಟ್ಟು ಗಟ್ಟಿಯಾಗಿ ನಕ್ಕಳು. ಅತ್ತೆ ಮಗನ ತೋಳಿಗೆ ಒಂದು ಏಟು ಕೊಟ್ಟು, ಆಮೇಲೆ ಆ ಏಟು ಯಾಕೆಂದು ತನಗೇ ತಿಳಿಯದೆ ಅಲ್ಲೇ ಸವರಿದಳು. ದಬ್ಬಣ ನಿಂತಲ್ಲೇ ನಂಬರು ಒತ್ತಿದಳು.

“ನಮಸ್ಕಾರ ಡಾಕ್ಟ್ರೇ. ಸೋಫಾ ಅಂಗಡಿಯಿಂದ, ಯಜಮಾನಿ ಮಾತಾಡ್ತಿರೋದು.”

ಆ ಕಡೆಯಿಂದ ಡಾಕ್ಟರು ಏನೋ ಕೇಳಿದರು.

“ಹೌದು, ಅವರ ಮಗಳೇ. ಇಲ್ಲ, ಅಪ್ಪ ಚೆನ್ನಾಗಿದ್ದಾರೆ, ಇಲ್ಲೇ ನಿಮ್ಮ ಸೋಫಾ ಮೇಲೇ ಕೂತಿದ್ದಾರೆ. ಬೆಳಿಗ್ಗೆ ತರ್ತೀವಿ. ಬಾಗಿಲ ಎರಡೂ ಕದ ತೆಗೆಸಿಡಿ, ಓರೆ ಮಾಡಿ ತೂರಿಸೋಕೆ ನನಗೆ ಇಷ್ಟವಿಲ್ಲ.”